ಬೆಳಗಿನ ಮೊದಲ ಸೆಲ್ಫು

ಬೆಂಗಳೂರಿನ ರಾಜಾಜಿನಗರದ ಬ್ಲಾಕುಗಳಲ್ಲಿ, ಬಸವೇಶ್ವರನಗರದ ಇಳಿಜಾರು ರಸ್ತೆಗಳಲ್ಲಿ, ವಿಜಯನಗರದ ಮನೆಗಳ ಕೆಳಗಿನ ಕಾರು ಶೆಡ್ಡುಗಳಲ್ಲಿ ಆಗಾಗ ಒಂದು ಪ್ರೀಮಿಯರ್ ಪದ್ಮಿನಿಯೋ ಅಂಬಾಸಿಡರೋ, ಅಪರೂಪಕ್ಕೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡೋ ಕಣ್ಣಿಗೆ ಬೀಳುತ್ತದೆ. ಅಪ್ಪ ಓಡಿಸುತ್ತಿದ್ದ ಗಾಡಿ ಎಂದು ಕೆಲವರು ಹುಡುಕಿಕೊಂಡು ಹೋಗಿ ತಂದಿರುತ್ತಾರೆ. ಚಿಕ್ಕಂದಿನಲ್ಲಿ ಎದುರು ಮನೆಯವರ ಕಾರನ್ನು ದೂರದಿಂದ ನೋಡಿದ್ದವರು ಈಗ ಕೈಯಲ್ಲಿ ನಾಲ್ಕು ಕಾಸು ಆಡುವಾಗ ಆಸೆ ತೀರಿಸಿಕೊಂಡಿರುತ್ತಾರೆ. ತಂದ ಮೊದಲ ವಾರ ಮನೆಯಲ್ಲಿ ಹಬ್ಬ. ಆಮೇಲೆ ಶುರುವಾಗುವುದು ಎಲ್ಲರದೂ ಒಂದೇ ದೂರು: ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ, ನವರಂಗ್ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ನಡುಗಿ ಆಫ್ ಆಗುತ್ತದೆ. ಹಿಂದಿನವರು ಹಾರ್ನ್ ಬಾರಿಸುತ್ತಾರೆ.

ಈ ಎರಡು ತೊಂದರೆಗಳ ಬಗ್ಗೆಯೇ ಇವತ್ತು ಮಾತಾಡುತ್ತೇನೆ. ನಾನು ಒತ್ತಿ ಹೇಳಬೇಕಾದದ್ದು ಒಂದೇ: ಕಾರ್ಬರೇಟರ್‌ಗೆ ಕೈ ಹಾಕುವುದು ಕೊನೆಗೆ. ನಮ್ಮ ಗ್ಯಾರೇಜುಗಳಲ್ಲಿ ಅದು ತಿರುಗಾಮುರುಗಾ ಆಗಿದೆ. ಬಾನೆಟ್ ಎತ್ತಿದ ಕೂಡಲೇ ಸ್ಕ್ರೂ ಡ್ರೈವರ್ ಹೋಗುವುದು ಕಾರ್ಬರೇಟರ್ ಕಡೆಗೇ. ಗಾಡಿಯ ರೋಗ ಹಾಗೇ ಉಳಿಯುತ್ತದೆ, ಲಕ್ಷಣ ಮಾತ್ರ ಮರೆಯಾಗುತ್ತದೆ.

ಮೊದಲು ಈ ಗಾಡಿಗಳ ಕಾಲವನ್ನು ನೆನಪಿಗೆ ತಂದುಕೊಳ್ಳೋಣ. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಿಂದ 1964ರಲ್ಲಿ ಫಿಯೆಟ್ 1100 ಡಿಲೈಟ್ ಹೊರಬಂತು. ಮುಂದೆ ಅದೇ ಗಾಡಿ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟಿಯರಿಂಗ್ ಕಂಬದ ಮೇಲೆ ಗೇರು. ಬಂಗಾಳದ ಉತ್ತರಪಾರದಲ್ಲಿ ತಯಾರಾದ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ಬಂದು 2014ರ ವರೆಗೂ ನಡೆಯಿತು. ಅದರ ಬಹುಕಾಲದ ಎಂಜಿನ್ 1489 ಸಿಸಿಯದು. ಮದರಾಸಿನ ಹೆರಾಲ್ಡ್ ಬಂದದ್ದು 1961ರಲ್ಲಿ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಕೂಡ ತನ್ನ ಮೊದಲ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಕಾರ್ಬರೇಟರ್ ಗಾಡಿಯೇ. ಈ ಕಾರ್ಬರೇಟರ್ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಚಳಿ ಎಷ್ಟಿದೆ, ಪೆಟ್ರೋಲ್ ಎಷ್ಟು ಬೇಕು ಎಂದು ಎಂಜಿನ್‌ಗೆ ತಿಳಿಸುವವರು ಡ್ರೈವರ್ ಸೀಟಿನಲ್ಲಿ ಕುಳಿತ ನೀವೇ. ತಿಳಿಸುವ ಸಾಧನ ಚೋಕ್ ಎಂಬ ಒಂದು ಗುಂಡಿ.

ನಮ್ಮೂರಲ್ಲಿ ಅಂಥ ಚಳಿ ಎಲ್ಲಿದೆ ಎಂದು ಕೇಳಬಹುದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಈಗ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಕೆಂಗೇರಿ ಕಡೆ ಬಯಲಿನಲ್ಲಿ ಮಂಜು ಕವಿದ ದಿನ ಇನ್ನೂ ತುಸು ಕಡಿಮೆ ಎನ್ನಿ. ಈ ಚಳಿಗೆ ಒಳ್ಳೆಯ ಸ್ಥಿತಿಯ ಪದ್ಮಿನಿ ಚೋಕ್ ಎಳೆದು ಎರಡು ಮೂರು ಸೆಕೆಂಡು ಸೆಲ್ಫ್ ಹೊಡೆದರೆ ಎದ್ದು ಕೂರಬೇಕು. ಹಾಗೆ ಏಳದಿದ್ದರೆ ಚಳಿಯನ್ನು ದೂರಬೇಡಿ, ಗಾಡಿಯಲ್ಲೇ ಏನೋ ಕೆಟ್ಟಿದೆ.

ಚಳಿಗಿಂತ ಮುಖ್ಯವಾದ ಎರಡು ಸಂಗತಿ ಬೇರೆ ಇವೆ. ನಮ್ಮ ನಗರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಇಲ್ಲಿನ ಗಾಳಿ ಕಡಲ ತೀರದ್ದಕ್ಕಿಂತ ಸುಮಾರು ಶೇ 10ರಷ್ಟು ತೆಳು. ಹೀಗಾಗಿ ಮುಂಬಯಿಯಲ್ಲೋ ಮಂಗಳೂರಲ್ಲೋ ಸರಿಯಾಗಿ ಟ್ಯೂನ್ ಮಾಡಿದ ಕಾರ್ಬರೇಟರ್ ಇಲ್ಲಿಗೆ ಬಂದರೆ ಬೇಕಾದ್ದಕ್ಕಿಂತ ಶೇ 5ರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಎರಡನೆಯದು ಎಥೆನಾಲ್. 2025ರ ಹೊತ್ತಿಗೆ ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇ 20ಕ್ಕೆ ಏರಿದೆ. ಬರೀ ಪೆಟ್ರೋಲಿನ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಕಿಲೋ ಸಾಕು. ಅಂದರೆ ಕಾರ್ಬರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೆಯ ಜೆಟ್ಟುಗಳಿಂದ ಬರುವ ಹೊಸ ಪೆಟ್ರೋಲ್ ಎಂಜಿನ್ನಿಗೆ ಕಡಿಮೆ ಬೀಳುತ್ತದೆ. ಎತ್ತರ ಹೆಚ್ಚಿಸಿದ್ದನ್ನು ಎಥೆನಾಲ್ ಇಳಿಸುವುದರಿಂದ, ಬಿಸಿ ಎಂಜಿನ್ನಿನ ಮಟ್ಟಿಗೆ ಇವೆರಡೂ ಒಂದನ್ನೊಂದು ಬಹುಪಾಲು ಸರಿದೂಗಿಸಿಬಿಡುತ್ತವೆ. ಬೆಳಗಿನ ಸ್ಟಾರ್ಟಿಂಗ್‌ನಲ್ಲಿ ಮಾತ್ರ ಹಾಗಲ್ಲ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ತಣ್ಣಗಿರುವ ಮ್ಯಾನಿಫೋಲ್ಡಿನಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು? ಆದ್ದರಿಂದ ಮೊದಲು ಅರ್ಧ ಚೋಕ್‌ನಲ್ಲಿ ಏಳುತ್ತಿದ್ದ ಗಾಡಿ ಈಗ ಪೂರ್ತಿ ಚೋಕ್ ಕೇಳಿದರೆ ಗಾಬರಿ ಬೇಡ.

ಇನ್ನೂ ಕೊಳ್ಳದೇ ಇರುವವರಿಗೆ ಒಂದು ಮಾತು. ಹಳೆಯ ಕಾರು ನೋಡಲು ಬೆಳಿಗ್ಗೆಯೇ ಹೋಗಿ, ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗಿ. ಹೋದವರೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ, ನೀವು ಬರುವ ಮೊದಲೇ ಗಾಡಿಯನ್ನು ಎಬ್ಬಿಸಿ ಇಟ್ಟಿದ್ದಾರೆ ಎಂದು ತಿಳಿಯಿರಿ. ಬಿಸಿ ಎಂಜಿನ್ ಎಷ್ಟೋ ರೋಗಗಳನ್ನು ಮುಚ್ಚಿಕೊಳ್ಳುತ್ತದೆ. ತಣ್ಣಗಿದ್ದಾಗ ಒಮ್ಮೆ, ಬಿಸಿಯಾಗಿ ಐದು ನಿಮಿಷ ನಿಂತ ಮೇಲೆ ಇನ್ನೊಮ್ಮೆ ನಿಮ್ಮ ಕೈಯಿಂದಲೇ ಸ್ಟಾರ್ಟ್ ಮಾಡಿ ನೋಡದೆ ಮುಂಗಡ ಕೊಡಬೇಡಿ.

ಐಡ್ಲಿಂಗ್ ಸದ್ದನ್ನೂ ಕೇಳಿ. ಈ ಎಂಜಿನ್ನುಗಳು ನಿಂತಲ್ಲಿ ನಿಮಿಷಕ್ಕೆ 700ರಿಂದ 800 ಸುತ್ತು ತಿರುಗಿದರೆ ಸರಿ. ಮಾರಾಟಕ್ಕಿಟ್ಟ ಗಾಡಿ ಹಲವು ಸಲ ಸಾವಿರ, ಸಾವಿರದಿನ್ನೂರರಲ್ಲಿ ಗುಂಯ್‌ಗುಡುತ್ತಿರುತ್ತದೆ. ಕೇಳುವುದಕ್ಕೆ ಚುರುಕಾಗಿದೆ ಅನ್ನಿಸುತ್ತದೆ. ನಿಜ ಏನೆಂದರೆ, ಒಂದು ಸಿಲಿಂಡರ್ ಮಿಸ್ಸಿಂಗ್ ಇದ್ದರೂ, ಎಲ್ಲೋ ಗಾಳಿ ಸೋರುತ್ತಿದ್ದರೂ ಐಡಲ್ ಸ್ಕ್ರೂವನ್ನು ಒಂದು ಸುತ್ತು ಬಿಗಿ ಮಾಡಿದರೆ ಎಂಜಿನ್ ನಿಲ್ಲದೆ ಓಡುತ್ತದೆ. ತೂತಾದ ಬಿಂದಿಗೆಗೆ ನಲ್ಲಿ ಜೋರಾಗಿ ಬಿಟ್ಟು ತುಂಬಿದೆ ಎಂದು ತೋರಿಸಿದ ಹಾಗೆ ಇದು. ಹಿಂದಿನ ಮಾಲೀಕರು ಮೋಸ ಮಾಡಿದರು ಎಂದೇ ಅರ್ಥವಲ್ಲ. ಗ್ಯಾರೇಜಿಗೆ ಹೋದಾಗೆಲ್ಲ "ಸಾರ್, ಐಡ್ಲಿಂಗ್ ಸ್ವಲ್ಪ ಏರಿಸಿಕೊಡ್ಲಾ?" ಅಂತ ಹುಡುಗ ಕೇಳಿರುತ್ತಾನೆ, "ಏರಿಸಪ್ಪಾ" ಅಂತ ಇವರು ಹೇಳಿರುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದು, ಈಗ ಆ ಗಾಡಿ ನಿಮ್ಮ ಮನೆ ಮುಂದಿದೆ. ಒಂದರ ಮೇಲೊಂದು ಪದರವಾಗಿ ಕುಳಿತ ಆ ಹೊಂದಾಣಿಕೆಗಳನ್ನೆಲ್ಲ ಕಳಚಿ ಮೊದಲಿನ ಸ್ಥಿತಿಗೆ ತರುವುದು ನಿಮ್ಮ ಕೆಲಸ. ಅದಕ್ಕೊಂದು ಕ್ರಮ ಇದೆ.

ಕರೆಂಟಿನಿಂದ ಶುರು ಮಾಡಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಸೆಲ್ಫ್ ಮೋಟಾರು ಇದ್ದಬದ್ದ ಕರೆಂಟನ್ನೆಲ್ಲ ನುಂಗಿ, ಕಿಡಿ ಹುಟ್ಟಿಸುವ ಕಾಯಿಲ್‌ಗೆ ಉಳಿಯುವುದು ಅಷ್ಟಕ್ಕಷ್ಟೆ. ಎಂಜಿನ್ ತಿರುಗುತ್ತದೆ, ಕಿಡಿ ಹುಟ್ಟುವುದಿಲ್ಲ. ಹೊಸ ಬ್ಯಾಟರಿ ಹಾಕಿಯೂ ಇದೇ ಪಾಡಾದರೆ, ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನು ನೋಡಿ. ಪೇಂಟ್ ಹೊಡೆಸಿದ ಗಾಡಿಗಳಲ್ಲಿ ಆ ಪಟ್ಟಿಯನ್ನು ಬಣ್ಣದ ಮೇಲೆಯೇ ಕೂರಿಸಿ ಬೋಲ್ಟ್ ಬಿಗಿದಿರುತ್ತಾರೆ. ಬಿಚ್ಚಿ, ಲೋಹ ಹೊಳೆಯುವ ಹಾಗೆ ಉಜ್ಜಿ, ಮತ್ತೆ ಬಿಗಿ ಮಾಡಿ. ಖರ್ಚಿಲ್ಲದ ಕೆಲಸ, ಎಷ್ಟೋ ಗಾಡಿಗಳ ಸ್ಟಾರ್ಟಿಂಗ್ ಟ್ರಬಲ್ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಕಿಡಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗೆ ಕೂದಲಂಥ ಸೀಳು, ತೇವ, ಇಂಗಾಲದ ಕಪ್ಪು ಗೆರೆ ಇದೆಯಾ ನೋಡಿ. ಪಾಯಿಂಟುಗಳ ನಡುವಿನ ಅಂತರ ಈ ಗಾಡಿಗಳಲ್ಲಿ ಸುಮಾರು 0.4 ಮಿಲಿಮೀಟರ್. ನಿಮ್ಮ ಮಾಡೆಲಿನ ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ, ಫೀಲರ್ ಗೇಜಿನಲ್ಲೇ ಅಳೆಯಿರಿ. ಬೀಡಿ ಪೊಟ್ಟಣದ ಕಾಗದ ತೂರಿಸಿ ಗ್ಯಾಪ್ ಇಡುವ ಕಾಲ ಮುಗಿಯಲಿ. ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ. ಅದು ಅಕ್ಕಪಕ್ಕಕ್ಕೆ ಆಡಿದರೆ ಗ್ಯಾಪ್ ಒಂದೊಂದು ಸಿಲಿಂಡರಿಗೆ ಒಂದೊಂದು ಥರ ಆಗುತ್ತದೆ, ಐಡ್ಲಿಂಗ್ ಯಾವತ್ತೂ ಸಮವಾಗುವುದಿಲ್ಲ. ಈಗ ಹಲವರು ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುತ್ತಾರೆ. ನನಗೆ ಅದರ ಮೇಲೆ ತಕರಾರಿಲ್ಲ, ಒಳ್ಳೆಯದೇ. ಆದರೆ ಸವೆದ ಶಾಫ್ಟಿನ ಮೇಲೆ ಅದನ್ನು ಕೂರಿಸಿದರೆ ದುಡ್ಡು ದಂಡ.

ನಾಲ್ಕೂ ಪ್ಲಗ್ಗು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಮೂರು ಒಂದು ಬಣ್ಣ, ಒಂದು ಮಾತ್ರ ಬೇರೆ ಬಣ್ಣ ಇದ್ದರೆ ತೊಂದರೆ ಆ ಒಂದು ಸಿಲಿಂಡರಿನದು. ಕಾರ್ಬರೇಟರ್ ನಾಲ್ಕಕ್ಕೂ ಒಂದೇ ತಾನೇ, ಅದರ ತಪ್ಪಾಗಿದ್ದರೆ ನಾಲ್ಕೂ ಒಂದೇ ಥರ ಕಾಣಬೇಕಿತ್ತು.

ಈಗ ಚೋಕ್. ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಬೆಳಗಿನ ತೊಂದರೆಗಳಲ್ಲಿ ಬಹಳಷ್ಟು ಡ್ರೈವರ್ ಕಾಲಿನಿಂದಲೇ ಆಗುವಂಥವು. ಏರ್ ಫಿಲ್ಟರ್ ತೆಗೆದು ಕಾರ್ಬರೇಟರ್ ಬಾಯೊಳಗೆ ನೋಡಿ. ಕೆಲವದರಲ್ಲಿ ಚೋಕ್ ಎಳೆದರೆ ಬಾಯಿಗೆ ಅಡ್ಡಲಾಗಿ ಒಂದು ತಟ್ಟೆ ಮುಚ್ಚಿಕೊಳ್ಳುತ್ತದೆ. ಅಂಥದ್ದಕ್ಕೆ ಸೆಲ್ಫ್ ಹೊಡೆಯುವ ಮೊದಲು ಆಕ್ಸಿಲರೇಟರನ್ನು ಒಂದೆರಡು ಸಲ ತುಳಿದರೆ ಪಂಪ್ ಜೆಟ್‌ನಿಂದ ಪೆಟ್ರೋಲ್ ಚಿಮ್ಮಿ ಸಹಾಯವಾಗುತ್ತದೆ. ಇನ್ನು ಕೆಲವು ಸೋಲೆಕ್ಸ್ ಕಾರ್ಬರೇಟರ್‌ಗಳಲ್ಲಿ ಬಾಯಲ್ಲಿ ತಟ್ಟೆಯೇ ಇಲ್ಲ. ಪಕ್ಕದಲ್ಲಿ ಒಂದು ಪುಟ್ಟ ಬಿಲ್ಲೆ ತಿರುಗಿ, ಬೇರೆಯದೇ ದಾರಿಯಿಂದ ಗಟ್ಟಿ ಮಿಶ್ರಣವನ್ನು, ಆಕ್ಸಿಲರೇಟರ್ ತುಳಿದರೆ ತೆರೆಯುವ ಥ್ರಾಟಲ್ ತಟ್ಟೆಯ ಆಚೆಗೆ ಬಿಡುತ್ತದೆ. ಆ ದಾರಿಯಲ್ಲಿ ಪೆಟ್ರೋಲ್ ಬರುವುದು ಎಂಜಿನ್ ಎಳೆಯುವ ವ್ಯಾಕ್ಯೂಮ್‌ನಿಂದ, ಮತ್ತು ಆ ವ್ಯಾಕ್ಯೂಮ್ ಇರುವುದು ಥ್ರಾಟಲ್ ಮುಚ್ಚಿದ್ದರೆ ಮಾತ್ರ. ಆತಂಕದಲ್ಲಿ ಆಕ್ಸಿಲರೇಟರ್ ತುಳಿದುಕೊಂಡೇ ಸೆಲ್ಫ್ ಹೊಡೆದರೆ ಎಳೆತ ಹೋಗಿ, ಚೋಕ್ ಎಳೆದದ್ದೂ ಎಳೆಯದ್ದೂ ಒಂದೇ ಆಗುತ್ತದೆ. ಇಂಥ ಗಾಡಿಗೆ ಚೋಕ್ ಪೂರ್ತಿ ಎಳೆದು, ಕಾಲನ್ನು ದೂರ ಇಟ್ಟು ಸೆಲ್ಫ್ ಹೊಡೆಯಬೇಕು. ನಿಮ್ಮದು ಯಾವ ಬಗೆ ಎಂದು ಒಮ್ಮೆ ನೋಡಿಟ್ಟುಕೊಂಡರೆ ಜೀವನಪೂರ್ತಿ ಅನುಕೂಲ. ಚೋಕ್ ಎಳೆದಾಗ ಕೇಬಲ್ಲಿನ ಆ ತುದಿ ನಿಜವಾಗಿ ಪೂರ್ತಿ ಚಲಿಸುತ್ತಿದೆಯಾ ಎನ್ನುವುದನ್ನೂ ಆಗಲೇ ನೋಡಿ.

ಚೋಕ್ ಇನ್ನೊಂದು ಕೆಲಸಕ್ಕೂ ಬರುತ್ತದೆ, ರೋಗ ಪತ್ತೆಗೆ. ಹತ್ತು ನಿಮಿಷ ಓಡಿ ಬಿಸಿಯಾದ ಮೇಲೂ ಚೋಕ್ ಒಳಗೆ ತಳ್ಳಿದ ಕೂಡಲೇ ಗಾಡಿ ನಿಂತರೆ, ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಅದಕ್ಕೆ ವಿರುದ್ಧವಾಗಿ, ಚಳಿಯಲ್ಲೂ ಚೋಕ್ ಇಲ್ಲದೆಯೇ ಚೆನ್ನಾಗಿ ಸ್ಟಾರ್ಟ್ ಆಗಿ, ಆಮೇಲೆ ಕಪ್ಪು ಹೊಗೆ ಬಿಟ್ಟರೆ ಪೆಟ್ರೋಲ್ ಉಕ್ಕುತ್ತಿದೆ. ಆಗ ಕಾರ್ಬರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಕಡೆ ನೋಡಬೇಕು. ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಬಿಸಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬಂದು ತೂತು ಎಲ್ಲಿದೆ ಎಂದು ತಾನೇ ತೋರಿಸುತ್ತದೆ.

ವಾರಗಟ್ಟಲೆ ನಿಂತ ಗಾಡಿಯದು ಬೇರೆ ಕಥೆ. ಫ್ಲೋಟ್ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಎಂಜಿನ್ ತಿರುಗಿ, ಪಂಪಿನ ಡಯಾಫ್ರಾಮ್ ಬಡಿದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಮುಂದಕ್ಕೆ ಬರುವ ತನಕ ಕಾಯಲೇಬೇಕು. ಕೆಲವು ಪಂಪುಗಳಿಗೆ ಕೈಯಲ್ಲೇ ಒತ್ತುವ ಸಣ್ಣ ಲಿವರ್ ಇರುತ್ತದೆ, ಅದನ್ನು ಹತ್ತಾರು ಸಲ ಒತ್ತಿದರೆ ಬಟ್ಟಲು ತುಂಬುತ್ತದೆ. ಈ ಸಂದರ್ಭದಲ್ಲಿ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದು ಕಾರ್ಬರೇಟರ್ ಬಾಯಿಗೆ ಸುರಿದು ಸೆಲ್ಫ್ ಹೊಡೆಸುವ ಪದ್ಧತಿ ನಮ್ಮಲ್ಲಿ ಇದೆ. ದಯವಿಟ್ಟು ಮಾಡಬೇಡಿ, ಮಾಡಲು ಬಿಡಬೇಡಿ. ಟೈಮಿಂಗ್ ತಪ್ಪಿದ ಎಂಜಿನ್ ಕಾರ್ಬರೇಟರ್ ಮೂಲಕ ಬೆಂಕಿ ಉಗುಳುತ್ತದೆ. ಆಗ ಬಾಟಲಿ ಹಿಡಿದವರ ಮುಖ ಅದರ ಎದುರಿಗೇ ಇರುತ್ತದೆ. ಏರ್ ಫಿಲ್ಟರ್ ಮತ್ತೆ ಹಾಕಿಯೇ ಸ್ಟಾರ್ಟ್ ಮಾಡಿ, ಕೈಗೆಟಕುವಂತೆ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಇನ್ನೊಂದು ಅಪಾಯವೂ ಇಲ್ಲೇ ಬಂತು. ನಮ್ಮ ಬಡಾವಣೆಗಳ 30–40ರ ಸೈಟುಗಳಲ್ಲಿ ಕಾರು ನಿಲ್ಲುವುದು ಮನೆಯ ಕೆಳಗೆ, ಮೇಲೆಯೇ ಮಲಗುವ ಕೋಣೆಯ ಕಿಟಕಿ. ಚೋಕ್ ಎಳೆದ ಎಂಜಿನ್ ಬಿಡುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಯಥೇಚ್ಛ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಶಟರ್ ಮುಚ್ಚಿಕೊಂಡು ಗಾಡಿ ಬಿಸಿ ಮಾಡುವುದೆಂದರೆ ಪ್ರಾಣದ ಜೊತೆ ಆಟ. ಸ್ಟಾರ್ಟ್ ಆದ ಕೂಡಲೇ ಬೀದಿಗೆ ತನ್ನಿ.

ಐಡ್ಲಿಂಗ್‌ನ ದೊಡ್ಡ ಶತ್ರು ಕಳ್ಳ ಗಾಳಿ. ಕಾರ್ಬರೇಟರ್ ಅಳೆದು ಕೊಡದ ಗಾಳಿ ಬೇರೆ ಸಂದಿಯಿಂದ ಒಳಗೆ ನುಗ್ಗಿದರೆ ಮಿಶ್ರಣ ತೆಳುವಾಗುತ್ತದೆ. ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಆಗ ಎಂಜಿನ್ ಸೇದುವ ಗಾಳಿಯ ರಾಶಿಯಲ್ಲಿ ಇದು ಅಲ್ಪ. ಥ್ರಾಟಲ್ ಮುಚ್ಚಿ ನಿಂತಾಗ ಒಳಗೆ ಬರುವ ಗಾಳಿಯೇ ಕಡಿಮೆ, ಕಳ್ಳ ಗಾಳಿಯ ಪಾಲು ದೊಡ್ಡದಾಗಿಬಿಡುತ್ತದೆ. ಕಾರ್ಬರೇಟರ್ ಕೆಳಗಿನ ಪ್ಯಾಕಿಂಗ್, ಅದರಡಿಯ ಬೇಕಲೈಟ್ ತುಂಡು, ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವ ಜಾಗ, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪು, ಬ್ರೇಕ್ ಬೂಸ್ಟರ್ ಇದ್ದರೆ ಅದರ ಪೈಪು, ಇವು ಅನುಮಾನದ ಜಾಗಗಳು. ಪತ್ತೆ ಮಾಡಲು ಪೆಟ್ರೋಲ್ ಚಿಮುಕಿಸುವವರಿದ್ದಾರೆ, ಬೇಡ. ಗಿಡಕ್ಕೆ ನೀರು ಸಿಂಪಡಿಸುವ ಪುಟ್ಟ ಬಾಟಲಿ ಸಾಕು. ಎಂಜಿನ್ ಓಡುತ್ತಿರುವಾಗ ಡಿಸ್ಟ್ರಿಬ್ಯೂಟರ್ ಬಿಟ್ಟು, ಒಂದೊಂದೇ ಸಂದಿಗೆ ನೀರು ಸಿಂಪಡಿಸಿ. ಎಲ್ಲಿ ಸಿಂಪಡಿಸಿದಾಗ ಎಂಜಿನ್ ಸದ್ದು ಬದಲಾಗುತ್ತದೋ ಅಲ್ಲಿ ಸೋರಿಕೆ.

ಥ್ರಾಟಲ್ ಶಾಫ್ಟ್ ಸವೆದಿದ್ದರೆ ಅದರ ಎರಡೂ ತುದಿಯಲ್ಲಿ ಹೀಗೇ ಗಾಳಿ ನುಗ್ಗುತ್ತದೆ. ಇಂಥ ಕಾರ್ಬರೇಟರನ್ನು ಎಸೆದು, ಗುರುತು ಹೆಸರಿಲ್ಲದ ಅಗ್ಗದ ಹೊಸದನ್ನು ಹಾಕಿ ಎಂದು ಸಲಹೆ ಬರುತ್ತದೆ. ನಾನು ಒಪ್ಪುವುದಿಲ್ಲ. ಹಳೆಯ ಸೋಲೆಕ್ಸಿನ ಎರಕ, ಅದರ ಜೆಟ್ಟುಗಳ ಅಳತೆ ಆ ಎಂಜಿನ್ನಿಗೆಂದೇ ಹೊಂದಿಸಿದ್ದು. ಪಶ್ಚಿಮ ಬೆಂಗಳೂರಿನವರಿಗೆ ಒಂದು ಭಾಗ್ಯ ಇದೆ: ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ರಾಜಾಜಿನಗರ ಕೈಗಾರಿಕಾ ಎಸ್ಟೇಟಿನ ಸಣ್ಣ ಲೇತ್ ಅಂಗಡಿಗಳು. ಕೂದಲೆಳೆಯಷ್ಟು ನಿಖರವಾಗಿ ಕೆಲಸ ಮಾಡುವ ಕೈಗಳು ಅಲ್ಲಿವೆ. ಥ್ರಾಟಲ್ ಶಾಫ್ಟಿನ ತೂತನ್ನು ದೊಡ್ಡದು ಮಾಡಿ ಹಿತ್ತಾಳೆಯ ಬುಷ್ ಕೂರಿಸಿಕೊಡಿ ಎಂದರೆ ಅವರಿಗೆ ಅದು ಹೊಸ ಕೆಲಸವಲ್ಲ. ಪ್ಯಾಕಿಂಗ್, ಡಯಾಫ್ರಾಮ್, ನೀಡಲ್ ವಾಲ್ವ್ ಸೇರಿದ ರಿಪೇರಿ ಕಿಟ್ಟನ್ನು ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ.

ಟ್ಯಾಪೆಟ್ ಬಗ್ಗೆ ಚಿಕ್ಕದಾಗಿ. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್. ಎರಕದ ಕಬ್ಬಿಣದ ಹೆಡ್ಡಿರುವ ಹಳೆಯ ಅಂಬಾಸಿಡರ್ ಎಂಜಿನ್ನುಗಳಲ್ಲಿ ವಾಲ್ವ್ ಸೀಟಿಗೆ ಸೀಸವೇ ರಕ್ಷೆಯಾಗಿತ್ತು. ಅದು ಹೋದ ಮೇಲೆ ಎಕ್ಸಾಸ್ಟ್ ವಾಲ್ವ್ ನಿಧಾನಕ್ಕೆ ಸೀಟಿನೊಳಗೆ ಇಳಿಯುತ್ತದೆ, ಟ್ಯಾಪೆಟ್ ಗ್ಯಾಪ್ ಮುಚ್ಚಿಕೊಳ್ಳುತ್ತದೆ, ವಾಲ್ವ್ ಪೂರ್ತಿ ಕೂರದೆ ಕಂಪ್ರೆಷನ್ ಸೋರಿ ಸ್ಟಾರ್ಟಿಂಗೂ ಐಡ್ಲಿಂಗೂ ಕೆಡುತ್ತವೆ. ಆ ಎಂಜಿನ್ನಿಗೆ ಗ್ಯಾಪ್ 0.38 ಮಿಲಿಮೀಟರ್, ಗ್ಯಾರೇಜಿನ ಲೆಕ್ಕದಲ್ಲಿ ಹದಿನೈದು ಥೌ. ಟ್ಯಾಪೆಟ್ ಸದ್ದೇ ಇಲ್ಲ ಎಂದು ಹಿಗ್ಗಬೇಡಿ, ತುಸು ಟಕಟಕ ಇರುವುದೇ ಕ್ಷೇಮ.

ಇಷ್ಟೆಲ್ಲ ಆದ ಮೇಲೆ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳಿ. ಮೊದಲು ಐಡಲ್ ಜೆಟ್ ಬಿಚ್ಚಿ ಗಾಳಿ ಊದಿಸಿ. ಅದಕ್ಕೆ ಸೂಜಿ, ಕ್ಲಚ್ ವೈರ್ ತೂರಿಸಬಾರದು. ತೂತು ಒಮ್ಮೆ ದೊಡ್ಡದಾದರೆ ಆ ಜೆಟ್ ಮತ್ತೆ ಕೆಲಸಕ್ಕೆ ಬಾರದು. ಎಂಜಿನ್ ಪೂರ್ತಿ ಬಿಸಿಯಾಗಿ, ಚೋಕ್ ಒಳಗಿದ್ದಾಗ ಐಡ್ಲಿಂಗ್ ಮಿಶ್ರಣವನ್ನು ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ ನೋಡಿ. ಪೂರ್ತಿ ಮುಚ್ಚುವ ಹೊತ್ತಿಗೆ ಎಂಜಿನ್ ನಡುಗಿ ನಿಲ್ಲಬೇಕು. ಮುಚ್ಚಿದರೂ ಅದು ಓಡುತ್ತಲೇ ಇದ್ದರೆ, ಐಡಲ್ ಸ್ಕ್ರೂ ಥ್ರಾಟಲ್ಲನ್ನು ಅಷ್ಟು ತೆರೆದಿಟ್ಟಿದೆ ಎಂದರ್ಥ. ಎಂಜಿನ್ ತನ್ನ ಐಡಲ್ ದಾರಿಯನ್ನೇ ಬಿಟ್ಟು ಬೇರೆ ತೂತುಗಳಿಂದ ಕುಡಿಯುತ್ತಿದೆ. ನಾನು ಮೊದಲಿಗೆ ಹೇಳಿದ, ವರ್ಷಗಟ್ಟಲೆ ಏರಿಸಿಟ್ಟ ಆ ಸ್ಕ್ರೂವನ್ನು ಈಗ ಇಳಿಸಿ. ಮಿಕ್ಸ್ಚರ್ ಸ್ಕ್ರೂವನ್ನು ಮುಚ್ಚಿದ ಸ್ಥಿತಿಯಿಂದ ಒಂದೂವರೆ ಸುತ್ತು ಹೊರಕ್ಕೆ ತಂದು, ಅಲ್ಲಿಂದ ಕಾಲು ಕಾಲು ಸುತ್ತು ಆಚೀಚೆ ಮಾಡುತ್ತಾ ಎಂಜಿನ್ ಎಲ್ಲಿ ಅತ್ಯಂತ ಸಮವಾಗಿ, ಚುರುಕಾಗಿ ತಿರುಗುತ್ತದೋ ಅಲ್ಲಿ ನಿಲ್ಲಿಸಿ. ಸುತ್ತು ಹೆಚ್ಚಾದರೆ ಐಡಲ್ ಸ್ಕ್ರೂ ಇನ್ನಷ್ಟು ಇಳಿಸಿ, ಮತ್ತೆ ಮಿಕ್ಸ್ಚರ್ ನೋಡಿ. ಹೆಡ್‌ಲೈಟ್ ಹಾಕಿದಾಗಲೂ ಎಂಜಿನ್ ನಿಲ್ಲಬಾರದು.

ನಂತರ ಮೈಸೂರು ರಸ್ತೆ ಹಿಡಿದು ಕೆಂಗೇರಿಯ ತನಕ ಹೋಗಿ ಬನ್ನಿ. ನಾಯಂಡಹಳ್ಳಿಯ ದಟ್ಟಣೆಯೂ ಬೇಕು, ಅದರಾಚೆಯ ತೆರೆದ ರಸ್ತೆಯೂ ಬೇಕು. ಮನೆಗೆ ಬಂದು ಎಂಜಿನ್ ಆರಿದ ಮೇಲೆ ಪ್ಲಗ್ಗು ಬಿಚ್ಚಿ ನೋಡಿ. ನಾಲ್ಕೂ ತಿಳಿ ಕಂದು ಬಣ್ಣಕ್ಕೆ ಬಂದಿದ್ದರೆ ಆ ಎರಡು ಸ್ಕ್ರೂಗಳಿಗೆ ಒಂದೊಂದು ಚುಕ್ಕೆ ಬಣ್ಣ ಹಚ್ಚಿ ಗುರುತು ಮಾಡಿಡಿ. ಮುಂದಿನ ಸಲ ಗ್ಯಾರೇಜಿನಲ್ಲಿ ಯಾರು ಕೈ ಹಾಕಿದರೂ ಆ ಗುರುತು ನೋಡಿದರೆ ನಿಮಗೆ ಗೊತ್ತಾಗುತ್ತದೆ.